ಐಎಸ್‌ಒ ಹೇಳ್ತೀರಿ, ಬೆಲ್ಲದ ಮಾತೇ ಎತ್ತೋದಿಲ್ಲ

ಹೊಸಪೇಟೆ ಕಡೆಯ ದರೋಜಿ ಕರಡಿಧಾಮದಲ್ಲಿ ತೆಗೆದ ಫೋಟೋಗಳನ್ನು ನೀವು ನೋಡೇ ಇರ್ತೀರಿ. ಇಳಿಬಿಸಿಲು, ದುಂಡು ಬಂಡೆಗಳು, ಬಂಡೆಗೆ ಮೂತಿ ಹಚ್ಚಿ ನಿಂತ ತಾಯಿ ಕರಡಿ, ಅದರ ಬೆನ್ನಿನ ಮೇಲೆ ಮರಿ. ಕೆಳಗೆ ಅಡಿಬರಹ: ಕ್ಯಾಮೆರಾ ಯಾವುದು, ಲೆನ್ಸ್ ಎಷ್ಟು ಮಿಲಿಮೀಟರಿನದು, ಅಪರ್ಚರ್ ಎಷ್ಟು, ಶಟರ್ ಸ್ಪೀಡ್ ಎಷ್ಟು, ಐಎಸ್‌ಒ ಎಷ್ಟು. ಅದರ ಕೆಳಗೆ ಕಾಡು, ತಾಳ್ಮೆ, ಅದೃಷ್ಟ ಅಂತ ಎರಡು ಸಾಲು. ಆ ಬಂಡೆಗೆ ಮಧ್ಯಾಹ್ನವೇ ಅರಣ್ಯ ಇಲಾಖೆಯ ಸಿಬ್ಬಂದಿ ಬೆಲ್ಲ ಬಳಿದು ಹೋಗಿದ್ದರು ಅನ್ನೋ ಒಂದು ಮಾತು ಮಾತ್ರ ಎಲ್ಲೂ ಇರೋದಿಲ್ಲ.

ಇದೇನೂ ಗುಟ್ಟಲ್ಲ. 1994ರಲ್ಲಿ ಆದ ಧಾಮ ಅದು. ಎದುರಿನ ವೀಕ್ಷಣಾ ಗೋಪುರದಲ್ಲಿ ಕೂತವರಿಗೆ ಕರಡಿ ಕಾಣಲಿ ಅಂತ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಸಿಹಿ ಬಳಿಯೋದು ವರ್ಷಗಳಿಂದ ನಡೆದುಬಂದ ಪದ್ಧತಿ. ಬೆಲ್ಲ ಇದ್ದಲ್ಲಿ ಇರುವೆ ಅಂತಾರೆ. ಇಲ್ಲಿ ಬೆಲ್ಲಕ್ಕೆ ಕರಡಿ, ಕರಡಿಗೆ ಲೆನ್ಸು. ಕಾಡುಪ್ರಾಣಿಗೆ ಹೀಗೆ ಟೈಂಟೇಬಲ್ ಹಾಕಿಕೊಡೋದು ನನಗೆ ಒಪ್ಪಿಗೆಯಿಲ್ಲ. ಆದರೆ ಅದಕ್ಕೂ ಒಂದು ವಾದವಿದೆ: ಜನ ಗೋಪುರದ ಮೇಲಿರ್ತಾರೆ, ಕರಡಿ ಬಂಡೆಯ ಮೇಲಿರುತ್ತೆ, ನಡುವೆ ಸಾಕಷ್ಟು ದೂರ. ಕರಡಿ ಮಲಗೋ ಗವಿಗೇ ಹೋಗಿ ಇಣುಕೋದಕ್ಕಿಂತ ಇದು ವಾಸಿ. ಆ ಜಗಳ ಇನ್ನೊಂದು ದಿನಕ್ಕಿರಲಿ. ಇವತ್ತಿನ ನನ್ನ ತಕರಾರು ಅಡಿಬರಹದ ಮೇಲೆ. ಸೆಕೆಂಡಿನ ಸಾವಿರದ ಆರುನೂರನೇ ಒಂದು ಭಾಗ ಲೆನ್ಸು ತೆರೆದಿತ್ತು ಅಂತ ಅಷ್ಟು ಕರಾರುವಾಕ್ಕಾಗಿ ಹೇಳುವ ಮನುಷ್ಯನಿಗೆ ಬೆಲ್ಲ ಮರೆತುಹೋಯಿತೇ? ಮರೆತಿಲ್ಲ. ಬೆಲ್ಲ ಅಂದ ಕೂಡಲೇ ತಾಳ್ಮೆಯ ಸಾಲಿನ ಬೆಲೆ ಇಳಿಯುತ್ತೆ, ಅದಕ್ಕೇ ಬಿಟ್ಟಿದ್ದು.

ಹಿಂದಿನವರು ಹೀಗಿರಲಿಲ್ಲ. ಹಿಂದಿನವರೆಲ್ಲ ಸಾಧುಗಳು ಅಂತ ಅಲ್ಲ, ಅವರು ಇನ್ನೂ ಕ್ರೂರಿಗಳೇ. ಅಮೆರಿಕದ ಹಕ್ಕಿಗಳನ್ನೆಲ್ಲ ನಿಜಗಾತ್ರದಲ್ಲಿ ಬರೆದ ಆಡುಬಾನ್ ಮೊದಲು ಹಕ್ಕಿಯನ್ನು ಗುಂಡಿಟ್ಟು ಕೊಲ್ಲುತ್ತಿದ್ದ, ಆಮೇಲೆ ತಂತಿ ಚುಚ್ಚಿ ಹಲಗೆಯ ಮೇಲೆ ಹಾರುವ ಭಂಗಿಗೆ ನಿಲ್ಲಿಸುತ್ತಿದ್ದ. ಇವತ್ತು ಹರಾಜಿನಲ್ಲಿ ಕೋಟಿಗಟ್ಟಲೆ ಬಾಳುವ ಆ 435 ಚಿತ್ರಗಳು ಹುಟ್ಟಿದ್ದು ಹಾಗೆ, ಆ ವಿಧಾನವನ್ನು ಅವನೇ ಬರೆದಿಟ್ಟಿದ್ದಾನೆ. ನಮ್ಮ ಸಲೀಂ ಅಲಿ ಕೂಡ ಬಂದೂಕು ಹಿಡಿದೇ ಹಕ್ಕಿ ಸಂಗ್ರಹಿಸಿದವರು. ಮ್ಯೂಸಿಯಮ್ಮಿನ ಡ್ರಾಯರಿನಲ್ಲಿ ಹತ್ತಿ ತುಂಬಿ ಮಲಗಿಸಿದ ಹಕ್ಕಿಯ ಕಾಲಿಗೆ ಒಂದು ಪುಟ್ಟ ಚೀಟಿ ಕಟ್ಟಿರ್ತಾರೆ. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಯಾರು ಹಿಡಿದರು, ಗಂಡೋ ಹೆಣ್ಣೋ. ಸತ್ತ ಹಕ್ಕಿಯ ಕಾಲಿನ ಆ ಚೀಟಿಯಲ್ಲಿ ಇರುವಷ್ಟು ನೇರ ಮಾತು ಇವತ್ತಿನ ಇನ್‌ಸ್ಟಾಗ್ರಾಮಿನ ಜೀವಂತ ಹಕ್ಕಿಯ ಕೆಳಗೆ ಸಿಗೋದಿಲ್ಲ.

ಬೆಲ್ಲ ಒಂದು ಸಣ್ಣ ಉದಾಹರಣೆ, ಅದೂ ಸರ್ಕಾರಿ ಉದಾಹರಣೆ. ಖಾಸಗಿಯವರ ಕಲೆ ಇನ್ನೂ ಮುಂದಿದೆ. ಹಕ್ಕಿಯ ಕೂಗನ್ನು ಫೋನಿಗೆ ಇಳಿಸಿಕೊಂಡು, ಅಂಗೈ ಅಗಲದ ಬ್ಲೂಟೂತ್ ಸ್ಪೀಕರನ್ನು ಪೊದೆಯಲ್ಲಿಟ್ಟು ಮತ್ತೆ ಮತ್ತೆ ಕೇಳಿಸ್ತಾರೆ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂದುಕೊಂಡು ಹಕ್ಕಿ ತಿನ್ನೋದು, ಗೂಡು ಕಾಯೋದು ಎಲ್ಲ ಬಿಟ್ಟು ಬಯಲಿಗೆ ಬಂದು ಎದೆಯುಬ್ಬಿಸಿ ಕೂಗುತ್ತೆ. ಕ್ಲಿಕ್. ‘ಮುಂಜಾನೆಯ ಹಾಡುಗಾರ’ ಅಂತ ಶೀರ್ಷಿಕೆ. ಅದು ಹಾಡ್ತಾ ಇಲ್ಲ ಸ್ವಾಮಿ, ಇಲ್ಲದ ಶತ್ರುವಿನ ಜೊತೆ ಜಗಳಕ್ಕೆ ನಿಂತಿದೆ. ನೀವು ಹೋದ ಮೇಲೆ ಮುಂದಿನ ಬ್ಯಾಚು ಬರುತ್ತೆ, ಅದೇ ಪೊದೆ, ಅದೇ ಕೂಗು. ದಿನಕ್ಕೆ ನಾಲ್ಕು ಸಲ ಯಾರೋ ಕಾಲಿಂಗ್ ಬೆಲ್ ಒತ್ತಿ ಓಡಿಹೋದರೆ ಮನೆಯಲ್ಲಿರುವವರ ಗತಿ ಏನು?

ಗೂಡಿನ ಫೋಟೋ ಅಂತೂ ನನಗೆ ನೋಡಲಿಕ್ಕೇ ಆಗೋದಿಲ್ಲ. ಉದ್ದ ಬಿಳಿ ಬಾಲದ ರಾಜಹಕ್ಕಿ ಗೂಡಿನ ಅಂಚಿಗೆ ಬಂದು ಕೂತಿದೆ, ಮೂರು ಮರಿ ಬಾಯಿ ತೆರೆದಿವೆ, ಹಿನ್ನೆಲೆ ನುಣ್ಣಗಿನ ಹಸಿರು, ಅಡ್ಡ ಒಂದು ಎಲೆಯೂ ಇಲ್ಲ. ಯಾಕಿಲ್ಲ? ತಾಯಿಹಕ್ಕಿ ಜಾಗ ಹುಡುಕುವಾಗ ಎಲೆ ಇಲ್ಲದ ಕಡೆ ಗೂಡು ಕಟ್ಟಿಕೊಳ್ಳುವಷ್ಟು ದಡ್ಡಿಯೇ? ಎಲೆ ಇತ್ತು. ಯಾರೋ ಕತ್ತರಿ ಹಾಕಿದರು, ಇಲ್ಲ ಕೊಂಬೆಯನ್ನು ದಾರದಲ್ಲಿ ಬಿಗಿದು ಪಕ್ಕಕ್ಕೆಳೆದರು. ಫೋಟೋ ಆಯಿತು, ಕಾರು ಹೊರಟಿತು. ಈಗ ಮಧ್ಯಾಹ್ನದ ಬಿಸಿಲು ನೇರ ಮರಿಗಳ ಮೇಲೆ. ಕಾಗೆಗೂ ಕೆಂಬೂತಕ್ಕೂ ಯಾರೂ ದಾರಿ ತೋರಿಸಬೇಕಾಗಿಲ್ಲ, ಅವು ಗೂಡು ಹುಡುಕಿಯೇ ಹೊಟ್ಟೆ ಹೊರೆಯುವ ಜಾತಿ. ಮರುದಿನ ಖಾಲಿ ಗೂಡಿನ ಫೋಟೋವನ್ನು ಯಾರೂ ಹಾಕೋದಿಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ಆಶ್ಚರ್ಯ ಆಗುವಷ್ಟು ಚುರುಕಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡನೇ ಸೆಕ್ಷನ್ನಿನಲ್ಲಿ ‘ಬೇಟೆ’ ಅಂದರೆ ಏನು ಅಂತ ವಿವರಿಸುತ್ತೆ. ಕೊಲ್ಲೋದು, ಹಿಡಿಯೋದು, ಬಲೆ ಒಡ್ಡೋದು, ವಿಷ ಹಾಕೋದು, ಇವೆಲ್ಲ ಸರಿ. ಅದೇ ಪಟ್ಟಿಯಲ್ಲಿ ಕಾಡುಹಕ್ಕಿಗಳ ಮೊಟ್ಟೆಗೂ ಗೂಡಿಗೂ ತೊಂದರೆ ಕೊಡೋದು ಕೂಡ ಇದೆ. ಅಂದರೆ ಕತ್ತರಿ ಹಿಡಿದು ಗೂಡಿನ ಹತ್ತಿರ ಹೋದ ಸಾಫ್ಟ್‌ವೇರ್ ಎಂಜಿನಿಯರನಿಗೂ ಉರುಳು ಹಾಕಿ ಮೊಲ ಹಿಡಿದ ಹಳ್ಳಿಯವನಿಗೂ ಕಾಯ್ದೆ ಇಟ್ಟ ಹೆಸರು ಒಂದೇ. ಮೊಲ ಹಿಡಿದವನ ಫೋಟೋ ಪೇಪರಿನಲ್ಲಿ ಕೈಕಟ್ಟಿ ನಿಂತ ಭಂಗಿಯಲ್ಲಿ ಬರುತ್ತೆ. ಎಂಜಿನಿಯರ್ ತೆಗೆದ ಫೋಟೋ ಕ್ಯಾಲೆಂಡರಿನಲ್ಲಿ ಬರುತ್ತೆ.

ತುಮಕೂರು ಸೀಮೆಯ ಕಾಡುಪಾಪ, ಹೆಸರಘಟ್ಟದ ಹುಲ್ಲುಗಾವಲು, ಮಲೆನಾಡಿನ ಮಳೆಗಾಲದ ಕಪ್ಪೆಗಳು, ಎಲ್ಲಿ ನೋಡಿದರೂ ಇದೇ ಕಥೆಯ ಬೇರೆ ಬೇರೆ ರೂಪ. ಕಾಡುಪಾಪದ ಅಷ್ಟು ದೊಡ್ಡ ಕಣ್ಣು ಇರೋದು ಕತ್ತಲಲ್ಲಿ ಹುಳ ಹುಡುಕಲಿಕ್ಕೆ, ನಿಮ್ಮ ಟಾರ್ಚು ಮಿನುಗಿಸಲಿಕ್ಕಲ್ಲ. ಹೆಸರಘಟ್ಟದಲ್ಲಿ ಚಳಿಗಾಲಕ್ಕೆ ಬರುವ ಹದ್ದುಗಳ ಹಿಂದೆ ಹುಲ್ಲಿಗೆ ಕಾರು ಇಳಿಸುವವರಿಗೆ ನೆಲಗುಬ್ಬಿ, ಟಿಟ್ಟಿಭಗಳ ಮನೆ ಆ ನೆಲವೇ ಅನ್ನೋದು ಹೊಳೆಯೋದಿಲ್ಲ.

ಕಪ್ಪೆಯ ಕಥೆಯನ್ನು ಮಾತ್ರ ಸ್ವಲ್ಪ ನಿಂತು ಹೇಳ್ತೀನಿ. ಕೇರಳದ ಘಟ್ಟದ ಕಾಡಿನಲ್ಲಿ ಗೆಲಾಕ್ಸಿ ಕಪ್ಪೆ ಅಂತ ಒಂದಿದೆ. ಬೆರಳ ತುದಿಯಷ್ಟು ಗಾತ್ರ, ಕಪ್ಪು ಮೈಮೇಲೆ ತಿಳಿನೀಲಿ ಚುಕ್ಕೆಗಳು, ಅಮಾವಾಸ್ಯೆಯ ಆಕಾಶದ ಹಾಗೆ. 2020ರಲ್ಲಿ ಸಂಶೋಧಕರೊಬ್ಬರು ಬಿದ್ದ ದಿಮ್ಮಿಯ ಅಡಿಯಲ್ಲಿ ಇಂಥ ಏಳು ಕಪ್ಪೆಗಳನ್ನು ಕಂಡರು. ಕೊರೋನಾ ಕಾರಣಕ್ಕೆ ಕೆಲವು ಕಾಲ ಹೋಗಲಾಗದೆ, ಮತ್ತೆ ಹೋದಾಗ ಆ ಜಾಗ ಕೆದರಿಹೋಗಿತ್ತು. ದಿಮ್ಮಿ ಮಗುಚಿತ್ತು, ಸುತ್ತಲ ಗಿಡ ತುಳಿದು ನೆಲಕಚ್ಚಿತ್ತು, ಕಪ್ಪೆ ಒಂದೂ ಇರಲಿಲ್ಲ. ಫೋಟೋಗ್ರಾಫರುಗಳ ಗುಂಪುಗಳು ಬಂದಿದ್ದವು, ಕಪ್ಪೆಗಳನ್ನು ಹಿಡಿದು ಚೆಂದದ ಜಾಗಕ್ಕೆ ಇಟ್ಟು ಗಂಟೆಗಟ್ಟಲೆ ಚಿತ್ರ ತೆಗೆದವು, ಎರಡು ಕಪ್ಪೆ ಸತ್ತವು ಅಂತ ಕಾಡಿನ ಟ್ರ್ಯಾಕರ್ ತಿಳಿಸಿದರು. 2025ರ ಡಿಸೆಂಬರಿನಲ್ಲಿ ಈ ವರದಿ ಹೊರಬಂತು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತೆ ಅಂತ ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೇವೆ, ಮಾರ್ಕ್ಸನ್ನೂ ತೆಗೆದುಕೊಂಡಿದ್ದೇವೆ. ಆ ಏಳು ಕಪ್ಪೆಗಳ ಫೋಟೋ ಈಗ ಯಾರದೋ ಹಾರ್ಡ್‌ಡಿಸ್ಕಿನಲ್ಲಿ ಇರಬೇಕು. ಫೋಟೋ ಚೆನ್ನಾಗಿಯೇ ಬಂದಿರುತ್ತೆ.

ಇದನ್ನೆಲ್ಲ ಒಬ್ಬ ಗೆಳೆಯನ ಮುಂದೆ ಹೇಳಿದೆ. ಶುಕ್ರವಾರ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಶನಿವಾರ ಬೆಳಿಗ್ಗೆ ಕಬಿನಿ ಗೇಟಿನಲ್ಲಿರುವ ಪೈಕಿ ಅವನು. ಲೆನ್ಸಿನ ಬೆಲೆ ಹತ್ತು ಲಕ್ಷ ದಾಟಿದೆ, ಅವನ ಹೆಂಡತಿಗೆ ಇನ್ನೂ ಪೂರ್ತಿ ಲೆಕ್ಕ ಗೊತ್ತಿಲ್ಲ. ‘ಮಗಾ, ಒಂದು ಮಾತು ಹೇಳು, ಈ ಫೋಟೋಗಳಿಲ್ಲದಿದ್ರೆ ಕಾಡಿನ ಬಗ್ಗೆ ಯಾರಿಗೆ ಕಾಳಜಿ ಇರ್ತಿತ್ತು? ನಾವು ಅವೇರ್‌ನೆಸ್ ಮೂಡಿಸ್ತಿಲ್ವಾ?’ ಅಂದ. ಅವನಷ್ಟೇ ಅಲ್ಲ, ಈ ಹವ್ಯಾಸದವರೆಲ್ಲ ಕೊನೆಗೆ ಬಂದು ಕೂರೋ ಕಟ್ಟೆ ಅದೇ.

ಫೋಟೋ ಕಾಡು ಉಳಿಸಬಲ್ಲದು, ಇಲ್ಲ ಅನ್ನೋದಿಲ್ಲ. ಮೈಸೂರಿನ ಕೃಪಾಕರ-ಸೇನಾನಿ ಬಂಡೀಪುರದ ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದು ಚಿತ್ರ ಮಾಡಿದರು. ಬ್ರಿಟಿಷರ ಕಾಲದಲ್ಲೂ ಸ್ವಾತಂತ್ರ್ಯ ಬಂದ ಮೇಲೂ ಸೀಳುನಾಯಿ ಕೊಂದವರಿಗೆ ಇನಾಮು ಕೊಡುತ್ತಿದ್ದರು, ಪೀಡೆ ಅಂತ. ಆ ಪೀಡೆಗೆ ಸಂಸಾರವಿದೆ, ಮರಿಗಳಿಗೆ ಉಣಿಸುವ ಕ್ರಮವಿದೆ, ಗುಂಪಿನಲ್ಲಿ ಒಬ್ಬರಿಗೊಬ್ಬರು ಆಗುವ ರೀತಿ ಇದೆ ಅಂತ ಜನ ನೋಡಿದ್ದು ಅಂಥ ಚಿತ್ರಗಳಿಂದ. ಅದು ಗೊತ್ತಿಲ್ಲದ್ದನ್ನು ತಿಳಿಸಿದ ಕ್ಯಾಮೆರಾ. ಬೆಲ್ಲದ ಬಂಡೆಯ ಮೇಲಿನ ಸಾವಿರದೊಂದನೇ ಕರಡಿ ಯಾವ ಅರಿವು ಮೂಡಿಸ್ತು ಮಾರಾಯ? ಕರಡಿಗೆ ಸಿಹಿ ಇಷ್ಟ ಅನ್ನೋ ಅರಿವೇ? ಅದನ್ನೂ ನೀನು ಅಡಿಬರಹದಲ್ಲಿ ಹೇಳಲಿಲ್ಲವಲ್ಲ.

ಸುಳ್ಳು ಚಿತ್ರ ಮೂಡಿಸುವ ಅರಿವೂ ಸುಳ್ಳೇ. 1958ರಲ್ಲಿ ಡಿಸ್ನಿಯವರು ‘ವೈಟ್ ವೈಲ್ಡರ್‌ನೆಸ್’ ಅಂತ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಲೆಮಿಂಗ್ ಅನ್ನೋ ಇಲಿಯಂಥ ಪ್ರಾಣಿಗಳು ಹಿಂಡುಹಿಂಡಾಗಿ ಬಂಡೆಯಿಂದ ನೀರಿಗೆ ಹಾರಿ ಸಾಯುತ್ತವೆ. ಆಸ್ಕರ್ ಬಂತು. ಕೆನಡಾದ ಟಿವಿ ಪತ್ರಕರ್ತರು 1982ರಲ್ಲಿ ಬಯಲು ಮಾಡಿದ್ದು ಏನಂದರೆ, ಆ ಪ್ರಾಣಿಗಳನ್ನು ಬೇರೆ ಕಡೆಯಿಂದ ತಂದು, ಚಿತ್ರತಂಡದವರೇ ದಡದಿಂದ ನೂಕಿದ್ದರು. ಲೆಮಿಂಗುಗಳಿಗೆ ಆತ್ಮಹತ್ಯೆಯ ಹುಚ್ಚಿಲ್ಲ. ಆದರೂ ಇವತ್ತಿಗೂ ನಮ್ಮ ಆಫೀಸುಗಳ ಮೀಟಿಂಗಿನಲ್ಲಿ ‘ಲೆಮಿಂಗುಗಳ ಹಾಗೆ ಹಿಂದೆ ಹೋಗಬೇಡಿ’ ಅಂತ ಮ್ಯಾನೇಜರುಗಳು ಉಪದೇಶ ಮಾಡ್ತಾನೇ ಇದ್ದಾರೆ.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ದೊಡ್ಡ ಸ್ಪರ್ಧೆಯೂ ಮೋಸ ಹೋಗಿದೆ. 2009ರ ಅಗ್ರ ಪ್ರಶಸ್ತಿ ಹೋಗಿದ್ದು ರಾತ್ರಿ ಹೊತ್ತು ಮರದ ಗೇಟು ಹಾರುತ್ತಿದ್ದ ತೋಳದ ಚಿತ್ರಕ್ಕೆ. ಕಾಡು ತೋಳ ಗೇಟಿನ ಸಂದಿಯಲ್ಲಿ ನುಸುಳುತ್ತೆ, ಸರ್ಕಸ್ಸಿನ ಹಾಗೆ ಹಾರೋದಿಲ್ಲ ಅಂತ ಬಲ್ಲವರು ಆಕ್ಷೇಪ ಎತ್ತಿದರು. ಅದು ಪಳಗಿಸಿದ ತೋಳವೇ ಇರಬೇಕು ಅಂತ ತೀರ್ಪುಗಾರರು 2010ರ ಜನವರಿಯಲ್ಲಿ ಪ್ರಶಸ್ತಿ ವಾಪಸು ಪಡೆದರು. ಫೋಟೋಗ್ರಾಫರು ಆರೋಪ ಒಪ್ಪಲಿಲ್ಲ. 2018ರಲ್ಲಿ ಇನ್ನೂ ಮಜಾ. ಬ್ರೆಜಿಲ್ಲಿನ ಗೆದ್ದಲು ಹುತ್ತದ ಪಕ್ಕ ನಿಂತ ಇರುವೆಭಕ್ಷಕದ ಚಿತ್ರಕ್ಕೆ ಹಿಂದಿನ ವರ್ಷ ಕೊಟ್ಟ ಬಹುಮಾನ ಕಸಿದುಕೊಂಡರು. ಪರಿಣತರು ಹೋಲಿಸಿ ನೋಡಿ, ಇದು ಸ್ಟಫ್ ಮಾಡಿದ ಪ್ರಾಣಿ ಅಂದರು. ಅವರನ್ನೂ ಫೋಟೋಗ್ರಾಫರು ಒಪ್ಪಲಿಲ್ಲ ಅನ್ನಿ. ಕಳ್ಳನ ಮನಸ್ಸು ಹುಳ್ಳಗೆ ಅನ್ನೋ ಗಾದೆಯನ್ನು ನಾನು ಯಾರ ಮೇಲೂ ಹೊರಿಸೋದಿಲ್ಲ. ಪ್ರಶ್ನೆ ಕೇಳುವವರು ಇದ್ದರಲ್ಲ, ಅದೇ ನನಗೆ ಹೊಟ್ಟೆಕಿಚ್ಚು. ನಮ್ಮಲ್ಲಿ ಆ ಪ್ರಶ್ನೆ ಕೇಳಿದವನು ಗುಂಪಿನಿಂದ ಹೊರಗೆ.

ಗೆಳೆಯನ ಕೊನೆಯ ಅಸ್ತ್ರ ಇನ್ನೊಂದಿತ್ತು. ‘ನಾನೇನ್ ಮಾಡ್ಲಿ, ಗೈಡೇ ಮಾಡಿಕೊಡ್ತಾನೆ.’ ಈ ಮಾತಿಗೆ ಮಾತ್ರ ನನಗೆ ನಿಜವಾಗಿ ಸಿಟ್ಟು ಬಂತು. ಜೀಪನ್ನು ಇನ್ನೂ ಹತ್ತು ಅಡಿ ಮುಂದೆ ತಗೋ ಅಂತ ಹಿಂದಿನ ಸೀಟಿನಿಂದ ಭುಜ ತಟ್ಟಿದವರು ಯಾರು? ಹೋದ ವಾರ ಬಂದವರಿಗೆ ಗೂಡು ತೋರಿಸಿದೆಯಂತೆ, ನಮಗೆ ಯಾಕಿಲ್ಲ ಅಂತ ಕೇಳಿದವರು ಯಾರು? ಹಕ್ಕಿ ಸಿಕ್ಕ ದಿನ ಕೈಗೆ ಬೀಳುವ ಟಿಪ್ಪು ಸಿಗದ ದಿನ ಬೀಳದಿದ್ದರೆ, ಆ ಹುಡುಗನಿಗೆ ನಾವು ಕಲಿಸಿದ ಪಾಠ ಏನು? ಸಿಕ್ಕಿಬಿದ್ದರೆ ಡ್ರೈವರನ ಕೆಲಸ ಹೋಗುತ್ತೆ, ಫೋಟೋ ಮಾತ್ರ ಬೆಂಗಳೂರಿಗೆ ಬಂದು ಫ್ರೇಮು ಹಾಕಿಸಿಕೊಳ್ಳುತ್ತೆ. ಊರಿನ ಹುಡುಗನಿಗೆ ಕಾಡು ಗೊತ್ತಿರೋದು ಅವನ ಬಂಡವಾಳ. ಅದನ್ನು ಮೋಸಕ್ಕೆ ಬಳಸುವ ಹಾಗೆ ಮಾಡಿ, ಮೋಸ ಅವನದು ಅಂದುಬಿಡೋದು ತೀರಾ ಅಗ್ಗದ ಮಾತು.

ಕ್ಯಾಮೆರಾ ಇಲ್ಲದ ನಾವೂ ಕಡಿಮೆಯೇನಿಲ್ಲ. ಎಲೆ ಅಡ್ಡ ಬಂದ, ಬೆನ್ನು ತೋರಿಸಿ ಹೋಗುತ್ತಿರುವ, ಅರ್ಧ ನೆರಳಲ್ಲಿರುವ ಹಕ್ಕಿಗೆ ನಾವು ಲೈಕು ಒತ್ತೋದಿಲ್ಲ. ಕಾಡಿಗೆ ಹೋದರೆ ಹಕ್ಕಿ ಕಾಣೋದೇ ಹಾಗೆ. ನಮಗೆ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಹುಲಿಯೇ ಬೇಕು.

ಅಕ್ಟೋಬರ್ ಮೊದಲ ವಾರ ವನ್ಯಜೀವಿ ಸಪ್ತಾಹ. ಕಂಪನಿಗಳು ಕೆಫೆಟೇರಿಯಾದ ಗೋಡೆಗೆ ನೌಕರರ ಫೋಟೋ ಪ್ರದರ್ಶನ ಹಾಕ್ತವೆ. ಹೋದ ವರ್ಷ ನಾನಿರುವ ಕಡೆಯೂ ಹಾಕಿದರು, ಆಯ್ಕೆ ಸಮಿತಿಗೆ ನನ್ನನ್ನೂ ಸೇರಿಸಿದರು. ಅರ್ಜಿಯ ಫಾರಂನಲ್ಲಿ ಕ್ಯಾಮೆರಾ, ಲೆನ್ಸು, ಐಎಸ್‌ಒ ಎಲ್ಲಕ್ಕೂ ಜಾಗವಿತ್ತು. ಒಂದು ಕಾಲಂ ಸೇರಿಸೋಣ ಅಂದೆ: ‘ಪ್ರಾಣಿ ಅಲ್ಲಿಗೆ ಹೇಗೆ ಬಂತು? ಆಹಾರ, ನೀರು, ಧ್ವನಿ, ಟಾರ್ಚು, ಮುಟ್ಟಿದ್ದು, ಎಲೆ ಕತ್ತರಿಸಿದ್ದು, ಯಾವುದಿದ್ದರೂ ಬರೆಯಿರಿ.’ ಎಚ್‌ಆರ್‌ನ ಹುಡುಗಿ ಓದಿ ನೋಡಿ, ‘ಸರ್, ಹೀಗೆ ಕೇಳಿದ್ರೆ ಎಂಟ್ರಿ ಕಡಿಮೆ ಬರ್ತವೆ’ ಅಂದಳು.

ಕಾಲಂ ಸೇರಲಿಲ್ಲ. ಕರಡಿಯ ಫೋಟೋಗಳು ಐದು ಬಂದವು, ಐದರಲ್ಲೂ ಒಂದೇ ಥರದ ಬಂಡೆ. ಈ ವರ್ಷದ ಫಾರಂ ಇನ್ನೂ ಹೊರಟಿಲ್ಲ. ಆ ಕಾಲಂ ಟೈಪ್ ಮಾಡಿ ಅವಳಿಗೆ ನಿನ್ನೆಯೇ ಮತ್ತೆ ಮೇಲ್ ಹಾಕಿದ್ದೇನೆ.