ಜಿಗಣೆಯ ಈಜು

ಕಲಘಟಗಿಯ ತೊಟ್ಟಿಲು ನಾಡಿನಲ್ಲೆಲ್ಲ ಹೆಸರಾದುದು. ಬಣ್ಣಬಣ್ಣದ ಚಿತ್ರಗಳನ್ನು ಬರೆದ ಆ ಮರದ ತೊಟ್ಟಿಲನ್ನು ಒಮ್ಮೆ ತೂಗಿಬಿಟ್ಟರೆ ಕೆಲಹೊತ್ತು ಅತ್ತಿತ್ತ ಜೀಕಿ, ಮೆಲ್ಲನೆ ನಿಂತುಬಿಡುತ್ತದೆ. ಅದು ಎಡೆಬಿಡದೆ ತೂಗಬೇಕಾದರೆ ತಾಯಿಯ ಕೈ ಮತ್ತೆ ಮತ್ತೆ ತಳ್ಳುತ್ತಿರಬೇಕು. ಪ್ರಾಣಿಗಳ ಲಯಬದ್ಧ ಚಲನೆಯೂ ಇಂಥದೇ ಎಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಒಂದು ಹೆಜ್ಜೆ ನೆಲಕ್ಕೆ ತಾಗಿದ ಅರಿವೇ ಮುಂದಿನ ಹೆಜ್ಜೆಯನ್ನು ತಳ್ಳುತ್ತದೆ, ಆ ಅರಿವು ತಪ್ಪಿದರೆ ಲಯವೂ ತಪ್ಪುತ್ತದೆ ಎಂಬುದು ಅವರ ಮತ. ಇದು ಅರೆಸತ್ಯವೆಂದು ತೋರಿಸಿಕೊಟ್ಟ ಜೀವಿಗಳಲ್ಲಿ, ಜನರು ಹೇಸಿ ಕಿತ್ತೆಸೆಯುವ ಜಿಗಣೆಯೂ ಒಂದು.

ಕಲಘಟಗಿಯು ಮಲೆನಾಡಿನ ಸೆರಗಿನಲ್ಲಿರುವ ಭತ್ತದ ಸೀಮೆ. ಇಂಥ ಸೀಮೆಯ ಗದ್ದೆಯಲ್ಲಿಯೋ ಎಮ್ಮೆಗಳು ಮೈಮುಳುಗಿಸುವ ಕೆರೆಯಲ್ಲಿಯೋ ಜಿಗಣೆ ಈಜುವುದನ್ನು ಒಮ್ಮೆಯಾದರೂ ನಿಂತು ನೋಡಬೇಕು. ಅದು ತನ್ನ ದೇಹವನ್ನು ಪಟ್ಟಿಯಂತೆ ಚಪ್ಪಟೆಯಾಗಿಸಿ, ತಲೆಯಿಂದ ಬಾಲದವರೆಗೆ ಅಲೆಯ ಮೇಲೆ ಅಲೆಯನ್ನು ಹರಿಸುತ್ತ ಮುಂದೆ ಸಾಗುತ್ತದೆ. ಬೆನ್ನಿನ ಸ್ನಾಯು ಕುಗ್ಗಿದಾಗ ಹೊಟ್ಟೆಯ ಸ್ನಾಯು ಸಡಿಲುತ್ತದೆ. ಮರುಕ್ಷಣ ಇದು ಅದಲುಬದಲಾಗುತ್ತದೆ.

ಈ ಲಯದ ನೆಲೆ ಎಲ್ಲಿ? ಜಿಗಣೆಯ ಹೊಟ್ಟೆಯ ಬದಿಯಲ್ಲಿ ಒಂದು ನರಹುರಿ ಹಾಯ್ದಿದೆ. ತಲೆಯಲ್ಲೊಂದು, ಬಾಲದಲ್ಲೊಂದು ಮಿದುಳು. ನಡುವೆ ಮಣಿಸರದಂತೆ 21 ನರಗ್ರಂಥಿಗಳು. ಒಂದೊಂದು ಗ್ರಂಥಿಯಲ್ಲಿ ಸುಮಾರು 400 ನರಕೋಶಗಳಿವೆ. ಮನುಷ್ಯನ ಮಿದುಳಿನ ಸುಮಾರು 8,600 ಕೋಟಿ ಕೋಶಗಳ ಮುಂದೆ ಇದು ಅತ್ಯಲ್ಪ. ಅಲ್ಪವಾದುದರಿಂದಲೇ ಒಂದೊಂದು ಕೋಶವನ್ನೂ ಗುರುತಿಸಿ ಅದರ ಕೆಲಸವನ್ನು ಕೇಳಿ ತಿಳಿಯಲು ಸಾಧ್ಯವಾಯಿತು. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಗುಂಥರ್ ಸ್ಟೆಂಟ್, ವಿಲಿಯಂ ಕ್ರಿಸ್ಟನ್, ಓಟೋ ಫ್ರೀಸನ್ ಮೊದಲಾದವರು ಯುರೋಪಿನ ಜಿಗಣೆಯ ನರಹುರಿಯನ್ನು ಪರೀಕ್ಷಿಸಿದರು. ದೇಹದಿಂದ ಬಿಡಿಸಿ ತೆಗೆದ ನರಹುರಿಯಲ್ಲಿಯೂ ಈಜಿನ ಲಯ ಮಿಡಿಯುತ್ತಿತ್ತು. ನೀರಿಲ್ಲ, ಸ್ನಾಯುವಿಲ್ಲ, ಆದರೂ ಈಜಿನ ಆಜ್ಞೆಗಳು ಸರದಿಯಂತೆ ಹೊರಡುತ್ತಿದ್ದವು!

ಬೀಸುವ ಕಲ್ಲಿನ ಎದುರುಬದುರು ಕುಳಿತ ಇಬ್ಬರಲ್ಲಿ ಒಬ್ಬಳು ಎಳೆದಾಗ ಇನ್ನೊಬ್ಬಳು ಕೈ ಸಡಿಲಿಸುತ್ತಾಳೆ. ಜಿಗಣೆಯ ನರಕೋಶಗಳ ರೀತಿಯೂ ಹಾಗೆಯೇ. ಒಂದು ಕೋಶ ಚುರುಕಾದಾಗ ಮತ್ತೊಂದನ್ನು ಅದುಮಿ ಹಿಡಿಯುತ್ತದೆ. ತಾನು ದಣಿದಾಗ ಅದುಮಿಸಿಕೊಂಡಿದ್ದುದು ಮೇಲೆದ್ದು ಮೂರನೆಯದನ್ನು ಸುಮ್ಮನಾಗಿಸುತ್ತದೆ. ಪ್ರತಿಯೊಂದು ಗ್ರಂಥಿಯೂ ತನ್ನ ಮುಂದಿನ ಗ್ರಂಥಿಗಿಂತ ತುಸು ತಡವಾಗಿ ಮಿಡಿಯುವುದರಿಂದ ಅಲೆ ಬಾಲದ ಕಡೆಗೆ ಹರಿಯುತ್ತದೆ. ತಲೆಯ ಒಂದು ಕೋಶವನ್ನು ಕ್ಷಣಕಾಲ ಕೆಣಕಿದರೆ ಸಾಕು, ಕೆಣಕು ನಿಂತ ಮೇಲೂ ಈಜು ಸಾಗುತ್ತದೆ. ತೊಟ್ಟಿಲಿಗೂ ಜಿಗಣೆಗೂ ಇರುವ ಅಂತರ ಇದೇ.

ಹೊರಗಿನ ಅರಿವು ವ್ಯರ್ಥವೆಂದು ಇದರ ಅರ್ಥವಲ್ಲ. 1961ರಲ್ಲಿ ಡೊನಾಲ್ಡ್ ವಿಲ್ಸನ್ ಎಂಬ ವಿಜ್ಞಾನಿ ಮಿಡತೆಯ ರೆಕ್ಕೆಗಳಿಂದ ಸುದ್ದಿ ತರುವ ನರಗಳನ್ನು ಕತ್ತರಿಸಿದಾಗ ಹಾರಾಟದ ಲಯ ನಿಲ್ಲಲಿಲ್ಲ, ನಿಧಾನವಾಯಿತು. ಲಯ ಒಳಗಿನದು, ಅದರ ಹದ ಹೊರಗಿನದು.

ಜಿಗಣೆಯ ನರಗಳನ್ನು ಎಣಿಸುತ್ತ ಕುಳಿತರೆ ಹೊಟ್ಟೆ ತುಂಬುವುದೇ ಎಂದು ಕೇಳುವವರುಂಟು. ಈ ಪ್ರಶ್ನೆ ಸಹಜವೇ ಆದರೂ ದೂರದೃಷ್ಟಿಯದಲ್ಲ. ಮಿದುಳಿನಿಂದ ಬೇರ್ಪಟ್ಟ ಬೆಕ್ಕಿನ ಮಿದುಳುಬಳ್ಳಿಯಲ್ಲಿಯೂ ನಡಿಗೆಯ ಲಯ ಹುಟ್ಟುತ್ತದೆಂದು ಗ್ರಹಾಂ ಬ್ರೌನ್ 1911ರಲ್ಲಿಯೇ ತೋರಿಸಿದ್ದನು. ಅಂದಿನ ಮತಕ್ಕೆ ಹೊಂದದ ಆ ಮಾತು ಅರ್ಧ ಶತಮಾನದಷ್ಟು ಕಾಲ ಮೂಲೆಗುಂಪಾಯಿತು. ಅದಕ್ಕೆ ಮತ್ತೆ ಬೆಲೆ ಬಂದುದು ಮಿಡತೆ, ಜಿಗಣೆಗಳಂಥ ಜೀವಿಗಳ ಅಧ್ಯಯನದಿಂದ. ಅವುಗಳನ್ನು ‘ಕೀಳು ಜೀವಿ’ ಎಂದು ಕರೆಯುವ ರೂಢಿಯನ್ನು ಬಿಡುವುದೇ ಲೇಸು.

ಮರದಿಂದ ಬಿದ್ದು ಮಿದುಳುಬಳ್ಳಿಗೆ ಪೆಟ್ಟಾದವನ ಕಾಲುಗಳು ಸತ್ತುವೆಂದು ಊರ ಜನ ಮರುಗುತ್ತಾರೆ. ಆದರೆ ಕಡಿದಿರುವುದು ಮಿದುಳಿನ ಆಜ್ಞೆ ಬರುವ ದಾರಿ. ಪೆಟ್ಟಿನ ಕೆಳಗಿನ ನರಜಾಲ ಎಷ್ಟೋ ಸಲ ಉಳಿದಿರುತ್ತದೆ. ಅಂಥವರ ಮಿದುಳುಬಳ್ಳಿಗೆ ವಿದ್ಯುತ್ತಿನ ಸಣ್ಣ ಮಿಡಿತಗಳನ್ನು ಕೊಟ್ಟಾಗ ಕಾಲುಗಳು ಹೆಜ್ಜೆಯ ಲಯದಲ್ಲಿ ಅಲುಗುವುದು 1998ರಲ್ಲಿ ಕಂಡುಬಂದಿತು. 2018ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕಗಳಲ್ಲಿ ಇದೇ ಬಗೆಯ ಚಿಕಿತ್ಸೆಯೊಡನೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಕೆಲವರು, ವರ್ಷಗಳ ಬಳಿಕ ಆಸರೆ ಹಿಡಿದು ಹೆಜ್ಜೆಯಿಟ್ಟರು.