ಪಥ್ಯದ ಮೊದಲ ಪರೀಕ್ಷೆ ಮಣ್ಣಿನಲ್ಲಿ

ಜ್ವರ ಬಿಟ್ಟು ನಿತ್ರಾಣರಾದವರಿಗೆ, ಅಗ್ನಿಮಾಂದ್ಯದಿಂದ ಬಳಲುವವರಿಗೆ, ವೃದ್ಧರಿಗೆ ಆಯುರ್ವೇದ ವೈದ್ಯನು ನಿಸ್ಸಂಕೋಚವಾಗಿ ಸೂಚಿಸುವ ಆಹಾರವೊಂದಿದ್ದರೆ ಅದು ಹೆಸರುಕಾಳು. ಶಮೀಧಾನ್ಯಗಳಲ್ಲಿ, ಅಂದರೆ ದ್ವಿದಳ ಧಾನ್ಯಗಳಲ್ಲಿ, ಮುದ್ಗವೇ ಅತ್ಯಂತ ಪಥ್ಯವೆಂದು ಚರಕಸಂಹಿತೆ ಎಣಿಸಿದೆ. ಮೂವತ್ತೈದು ವರ್ಷಗಳಿಗೂ ಮಿಕ್ಕಿ ನಾನು ಅದರ ಯೂಷವನ್ನು ರೋಗಿಗಳಿಗೆ ಬರೆದುಕೊಟ್ಟಿದ್ದೇನೆ. ಎಷ್ಟು ಹಿಡಿ ಕಾಳು, ಎಷ್ಟು ಲೋಟ ನೀರು, ಯಾವ ಹೊತ್ತಿನಲ್ಲಿ ಸೇವನೆ ಎಂಬುದನ್ನೆಲ್ಲ ತಿಳಿಸಿದ್ದೇನೆ. ಆದರೆ ಆ ಕಾಳು ಯಾವ ಮಣ್ಣಿನಲ್ಲಿ, ಯಾವ ನೀರಿನಲ್ಲಿ ಬೆಳೆಯಿತೆಂದು ಬಹುಕಾಲ ಕೇಳಿದವನಲ್ಲ. ಈ ಲೋಪವನ್ನು ಒಪ್ಪಿಕೊಂಡೇ ಈ ಲೇಖನವನ್ನು ಆರಂಭಿಸುತ್ತೇನೆ.

ಸೀಸ, ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್, ಕ್ರೋಮಿಯಂ ಮೊದಲಾದವುಗಳನ್ನು ಭಾರಲೋಹಗಳೆಂದು ಕರೆಯುವುದು ರೂಢಿ. ಇವು ಬೆರೆತ ಮಣ್ಣಿನಲ್ಲಿ ಕಾಳು ಬಿತ್ತಿದರೆ ಏನಾಗುತ್ತದೆ? ಮೊಳೆಯುವುದೇ ಇಲ್ಲವೆಂದು ಹಲವರು ಭಾವಿಸುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ಪ್ರತಿಯೊಂದು ಬೀಜವೂ ತನ್ನ ಎರಡು ದಳಗಳಲ್ಲಿ ಮೊದಲ ದಿನಗಳಿಗೆ ಬೇಕಾದ ಬುತ್ತಿಯನ್ನು ಕಟ್ಟಿಕೊಂಡೇ ಬಂದಿರುತ್ತದೆ. ಅದರ ಸಿಪ್ಪೆಯು ಹೊರಗಿನ ವಿಷವನ್ನು ಕೆಲಕಾಲ ತಡೆಯುತ್ತದೆ. ಆದ್ದರಿಂದ ಮಾಲಿನ್ಯ ಅತಿಯಾಗಿಲ್ಲದಿದ್ದರೆ ಕಾಳು ಮೊಳೆಯುತ್ತದೆ, ಎರಡು ಎಲೆಗಳೂ ಮೂಡುತ್ತವೆ. ಮೊದಲ ಪೆಟ್ಟು ಬೀಳುವುದು ಕಣ್ಣಿಗೆ ಕಾಣದ ಕಡೆ, ಬೇರಿನಲ್ಲಿ. ಬೇರು ಗಿಡ್ಡವಾಗುತ್ತದೆ, ಕಂದುಬಣ್ಣಕ್ಕೆ ತಿರುಗುತ್ತದೆ, ನೀರು ಹೀರುವ ಸೂಕ್ಷ್ಮ ರೋಮಗಳು ಕ್ಷೀಣಿಸುತ್ತವೆ. ಬಳಿಕ ಎಲೆಯ ಹಸಿರು ಮಾಸುತ್ತದೆ.

ಸಸಿಯೂ ಸುಮ್ಮನಿರುವುದಿಲ್ಲ. ತನ್ನ ಜೀವಕೋಶಗಳಲ್ಲಿ ಗಂಧಕಯುಕ್ತ ಸಣ್ಣ ಅಣುಗಳನ್ನು ನಿರ್ಮಿಸಿಕೊಂಡು, ಒಳಹೊಕ್ಕ ಕ್ಯಾಡ್ಮಿಯಂ ಅನ್ನು ಅವುಗಳಿಗೆ ಬಂಧಿಸಿ, ಕೋಶದೊಳಗಿನ ಒಂದು ಚೀಲದಲ್ಲಿ ಕೂಡಿಹಾಕುತ್ತದೆ. ಇದು ಗಿಡದ ಆತ್ಮರಕ್ಷಣೆ. ಆದರೆ ಗಿಡಕ್ಕೆ ರಕ್ಷಣೆಯಾದದ್ದು ಅದನ್ನು ಉಣ್ಣುವವರಿಗೆ ರಕ್ಷಣೆಯಾಗಬೇಕೆಂದಿಲ್ಲ. ಸೀಸವು ಬಹುಪಾಲು ಬೇರಿನಲ್ಲೇ ಉಳಿಯುತ್ತದೆ. ಕ್ಯಾಡ್ಮಿಯಂ ಅದಕ್ಕಿಂತ ಸುಲಭವಾಗಿ ಕಾಂಡ, ಎಲೆ, ಕಾಳುಗಳಿಗೆ ಏರಬಲ್ಲದು. ಹಸುರಾಗಿ ನಳನಳಿಸುವ ಗಿಡವೂ ಒಡಲಲ್ಲಿ ಲೋಹವನ್ನು ಹೊತ್ತಿರಬಹುದು. ಮನೆಯಲ್ಲಿ ಶುದ್ಧ ನೀರಿನಲ್ಲಿ ನೆನೆಸಿ ಮೊಳಕೆ ಬರಿಸಿದರೂ ಕಾಳಿನೊಳಗೆ ಸೇರಿದ ಲೋಹ ಹೋಗದು. ತೊಳೆದರೆ ಮೇಲಿನ ಧೂಳು ಹೋದೀತು, ಬೇಯಿಸಿದರೆ ಕ್ರಿಮಿ ಸತ್ತೀತು. ಲೋಹ ಸಾಯುವುದಿಲ್ಲ.

ದ್ವಿದಳ ಸಸ್ಯಗಳಿಗೆ ಇನ್ನೊಂದು ಹಾನಿಯೂ ಇದೆ. ಅವುಗಳ ಬೇರುಗಂಟುಗಳಲ್ಲಿ ನೆಲೆಸಿದ ರೈಜೋಬಿಯಂ ಜೀವಾಣುಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಇಂಗ್ಲೆಂಡಿನ ವೋಬರ್ನ್ ಎಂಬಲ್ಲಿ ಪ್ರಯೋಗಕ್ಷೇತ್ರವೊಂದಕ್ಕೆ 1942ರಿಂದ 1961ರವರೆಗೆ ನಗರದ ಕೊಳಚೆಯ ಗಸಿಯನ್ನು ಗೊಬ್ಬರವಾಗಿ ಹಾಕಿದ್ದರು. ನಿಲ್ಲಿಸಿ ಇಪ್ಪತ್ತು ವರ್ಷಗಳು ಕಳೆದ ಮೇಲೆ, 1980ರ ದಶಕದಲ್ಲಿ, ಅಲ್ಲಿ ದ್ವಿದಳ ಜಾತಿಯ ಮೇವಿನ ಗಿಡವಾದ ಬಿಳಿ ಕ್ಲೋವರನ್ನು ಬೆಳೆಸಿ ನೋಡಿದರು. ಬೇರಿನಲ್ಲಿ ಗಂಟುಗಳೇನೋ ಮೂಡಿದ್ದವು, ಆದರೆ ಅವುಗಳಿಗೆ ಸಾರಜನಕವನ್ನು ಹಿಡಿಯುವ ಶಕ್ತಿಯಿರಲಿಲ್ಲ. ಲೋಹದ ನಡುವೆ ಬದುಕುಳಿದಿದ್ದದ್ದು ಕಾಯಕ ಮಾಡಲಾರದ ಜೀವಾಣು ಮಾತ್ರ. ಹಾಕುವುದನ್ನು ನಿಲ್ಲಿಸಿದರೂ ಮಣ್ಣು ತಾನಾಗಿ ಶುದ್ಧಿಯಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಮನುಷ್ಯದೇಹದ ಮೇಲಾಗುವ ಪರಿಣಾಮವನ್ನು ಜಪಾನಿನ ಜಿನ್‌ಜು ನದಿಯ ಜನ ಅನುಭವಿಸಿದ್ದಾರೆ. ಗಣಿಯಿಂದ ಹರಿದ ಕ್ಯಾಡ್ಮಿಯಂ ನದಿಯ ಮೂಲಕ ಗದ್ದೆಗೆ, ಗದ್ದೆಯಿಂದ ಅಕ್ಕಿಗೆ, ಅಕ್ಕಿಯಿಂದ ದೇಹಕ್ಕೆ ಸೇರಿತು. ಮೂತ್ರಪಿಂಡ ಕೆಟ್ಟು, ಮೂಳೆ ಮೆತ್ತಗಾಗಿ, ನೋವಿನಿಂದ ನರಳಿದವರಲ್ಲಿ ಹೆಚ್ಚಿನವರು ಹಲವು ಮಕ್ಕಳನ್ನು ಹೆತ್ತ, ವಯಸ್ಸಾದ ಹೆಂಗಸರು. ಅವರ ನರಳಾಟದ ದನಿಯೇ ‘ಇತಾಯ್-ಇತಾಯ್’ ಎಂದು ಆ ರೋಗದ ಹೆಸರಾಯಿತು. ಇದು ಮಾಲಿನ್ಯದಿಂದ ಬಂದ ರೋಗವೆಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ. ಕೆಟ್ಟ ಗದ್ದೆಗಳ ಮಣ್ಣನ್ನು ಸರಿಪಡಿಸುವ ಕಾರ್ಯ ಮುಗಿದದ್ದು 2012ರಲ್ಲಿ. ಮೂತ್ರಪಿಂಡವನ್ನು ಸೇರಿದ ಕ್ಯಾಡ್ಮಿಯಂ ಅರ್ಧಕ್ಕಿಳಿಯಲು ಹತ್ತರಿಂದ ಮೂವತ್ತು ವರ್ಷ ಬೇಕು. ರಕ್ತಹೀನತೆಯಿರುವವರು ಗಮನಿಸಬೇಕಾದ ಮಾತೊಂದಿದೆ: ದೇಹದಲ್ಲಿ ಕಬ್ಬಿಣಾಂಶ ಕಡಿಮೆಯಾದಾಗ ಕರುಳು ಕ್ಯಾಡ್ಮಿಯಂ ಅನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ನಮ್ಮ ನಾಡಿನ ಸುಮಾರು ಅರ್ಧದಷ್ಟು ಹೆಣ್ಣುಮಕ್ಕಳಿಗೆ ರಕ್ತಹೀನತೆಯಿರುವಾಗ ಇದನ್ನು ದೂರದೇಶದ ಸುದ್ದಿಯೆಂದು ತಳ್ಳಿಹಾಕಲಾಗದು.

ನಮ್ಮಲ್ಲಿಯೂ ವೃಷಭಾವತಿ ಹರಿಯುತ್ತಿದ್ದಾಳೆ. ಬೆಂಗಳೂರಿನಲ್ಲೇ ಹುಟ್ಟಿ, ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು, ಬಿಡದಿ ಸಮೀಪದ ಬೈರಮಂಗಲ ಕೆರೆಯನ್ನು ತುಂಬಿ, ಮುಂದೆ ಅರ್ಕಾವತಿಯನ್ನು ಸೇರುತ್ತಾಳೆ. ಆ ನೀರನ್ನೇ ನಂಬಿ ಬೆಳೆ ತೆಗೆಯುವ ರೈತರನ್ನು ದೂರುವುದು ಅನ್ಯಾಯ. ಅವರು ಆ ನೀರನ್ನು ಬೇಡಿ ತಂದವರಲ್ಲ. ಮನೆಗಳ ಕೊಳಚೆಯೊಂದೇ ಆಗಿದ್ದರೆ ಸಂಸ್ಕರಿಸಿ ಬಳಸಬಹುದಿತ್ತು. ಅದಕ್ಕೆ ಲೋಹಲೇಪನದ, ಬ್ಯಾಟರಿಯ, ಬಣ್ಣದ ತ್ಯಾಜ್ಯ ಬೆರೆತಾಗಲೇ ಗೊಬ್ಬರವಾಗಬೇಕಾದದ್ದು ವಿಷವಾಗುತ್ತದೆ.

ಈ ಸಂದರ್ಭದಲ್ಲಿ ನಮ್ಮ ಮನೆಯನ್ನೂ ನಾವು ನೋಡಿಕೊಳ್ಳಬೇಕು. 2004ರಲ್ಲಿ ಅಮೆರಿಕದ ಬೋಸ್ಟನ್ ಪ್ರದೇಶದ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇರುವುದು ಪ್ರಕಟವಾಯಿತು. ವೈದ್ಯರಲ್ಲಿ ಹಲವರು ಅದನ್ನು ಆಯುರ್ವೇದದ ಮೇಲಿನ ದಾಳಿಯೆಂದೇ ಕಂಡರು. ಅವರಲ್ಲಿ ನಾನೂ ಒಬ್ಬ. ಇಂದು ಹಾಗೆ ಹೇಳಲಾರೆ. ರಸೌಷಧಿಗಳ ಚರ್ಚೆ ಬೇರೆಯೇ. ಆದರೆ ಲೋಹವನ್ನೇ ಸೇರಿಸದ ಗಿಡಮೂಲಿಕೆಯ ಔಷಧಿಗೂ ಮಣ್ಣಿನಿಂದಲೇ ಅದು ಬರಬಹುದು. ನಾವು ಕೆಮ್ಮಿಗೆ ಕೊಡುವ ಯಷ್ಟಿಮಧುವೂ ದ್ವಿದಳ ಕುಲದ ಗಿಡದ ಬೇರೇ ಅಲ್ಲವೇ? ಗಿಡಮೂಲಿಕೆಯ ಔಷಧಿಗಳಲ್ಲಿ ಸೀಸ ದಶಲಕ್ಷಕ್ಕೆ 10 ಭಾಗ, ಕ್ಯಾಡ್ಮಿಯಂ 0.3 ಭಾಗ ಮೀರಬಾರದೆಂಬ ಮಿತಿ ನಮ್ಮ ದೇಶದಲ್ಲಿದೆ. ಇದನ್ನು ಅಡ್ಡಿಯೆಂದು ಬಗೆಯದೆ ಶಾಸ್ತ್ರದ ಮುಂದುವರಿಕೆಯೆಂದು ತಿಳಿಯಬೇಕು. ಔಷಧಿಗೆ ಯೋಗ್ಯವಾದ ನೆಲ ಯಾವುದೆಂದು ವಿಚಾರಿಸಲು ಸುಶ್ರುತಸಂಹಿತೆ ಸೂತ್ರಸ್ಥಾನದ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ವಾಯು, ಜಲ, ದೇಶ, ಕಾಲಗಳು ಕೆಟ್ಟಾಗ ಇಡೀ ಜನಪದವೇ ರೋಗಕ್ಕೆ ತುತ್ತಾಗುವುದೆಂದು ಚರಕಸಂಹಿತೆಯ ವಿಮಾನಸ್ಥಾನ ವಿವರಿಸುತ್ತದೆ. ಅಂಥ ಕೇಡಿಗೆ ವ್ಯಕ್ತಿಗತ ಪಥ್ಯವೊಂದೇ ಪರಿಹಾರವಾಗದು.

ಹಾಗಾದರೆ ಮಾಡಬೇಕಾದುದೇನು? ರೈತರಿಗೆ 2015ರಿಂದ ಮಣ್ಣು ಆರೋಗ್ಯ ಚೀಟಿ ದೊರೆಯುತ್ತಿದೆ. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಮುಂತಾದ 12 ಅಂಶಗಳಿವೆ. ಸೀಸವಿಲ್ಲ, ಕ್ಯಾಡ್ಮಿಯಂ ಇಲ್ಲ. ಬೆಳೆಯ ಪುಷ್ಟಿಗೆ ಬೇಕಾದದ್ದನ್ನು ಅಳೆದೆವು, ಉಣ್ಣುವವರ ಕ್ಷೇಮಕ್ಕೆ ಬೇಕಾದದ್ದನ್ನು ಬಿಟ್ಟೆವು. ನಗರದ ಕೊಳಚೆನೀರು ಹರಿಯುವ ಮತ್ತು ಕಾರ್ಖಾನೆಗಳ ನೆರೆಯ ಹೊಲಗಳಿಗಾದರೂ ಈ ಲೋಹಗಳ ಪರೀಕ್ಷೆಯನ್ನು ಸರ್ಕಾರವೇ ಉಚಿತವಾಗಿ ಮಾಡಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಫಲಿತಾಂಶ ಕೆಟ್ಟದಾಗಿ ಬಂದರೆ ನಷ್ಟವನ್ನು ರೈತನ ತಲೆಗೆ ಕಟ್ಟದೆ, ಮಣ್ಣನ್ನು ಕೆಡಿಸಿದವರಿಂದ ವಸೂಲು ಮಾಡಬೇಕು.

ಮಠಗಳೂ ಇದರಲ್ಲಿ ಮುಂದಾಳತ್ವ ವಹಿಸಬಹುದು. ದಾಸೋಹದ ಅಡುಗೆಮನೆಗೆ ಬರುವ ಕಾಳು, ತರಕಾರಿ ಯಾವ ಹೊಲದ್ದೆಂದು ವಿಚಾರಿಸುವುದು, ಮಠದ ಜಮೀನಿನ ಮಣ್ಣನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ಪ್ರಸಾದದ ಪಾವಿತ್ರ್ಯಕ್ಕೇ ಸೇರಿದ ಕೆಲಸ. ಮಠದ ಶಾಲೆಗಳ ಮಕ್ಕಳು ಎರಡು ಕುಂಡಗಳಲ್ಲಿ, ಸಂಶಯವಿರುವ ಮಣ್ಣು ಒಂದರಲ್ಲಿ, ಒಳ್ಳೆಯ ಮಣ್ಣು ಇನ್ನೊಂದರಲ್ಲಿ ತುಂಬಿ, ಇಪ್ಪತ್ತಿಪ್ಪತ್ತು ಹೆಸರುಕಾಳು ಬಿತ್ತಿ, ಒಂದೇ ನೀರು ಹಾಕಿ, ಏಳನೆಯ ದಿನ ಬೇರು ತೊಳೆದು ಅಳೆಯಲಿ. ಉಪ್ಪು ಹೆಚ್ಚಿದ ಮಣ್ಣಿನಲ್ಲೂ ಬೇರು ಗಿಡ್ಡವಾಗುವುದರಿಂದ ಇದು ರೋಗನಿರ್ಣಯವಲ್ಲ. ಬೇರು ನೀಳವಾಗಿ ಬೆಳೆದ ಮಾತ್ರಕ್ಕೆ ಮಣ್ಣು ನಿರ್ದೋಷಿಯೂ ಅಲ್ಲ. ಆದರೆ ಮಣ್ಣನ್ನು ಪ್ರಶ್ನಿಸುವ ಅಭ್ಯಾಸ ಮಕ್ಕಳಿಗೆ ಇದರಿಂದ ಬರುತ್ತದೆ. ರೈತಬಂಧುಗಳು ಹುಳಿಮಣ್ಣಿಗೆ ಸುಣ್ಣವನ್ನೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಸೇರಿಸಿದರೆ ಗಿಡವು ಹೀರುವ ಕ್ಯಾಡ್ಮಿಯಂ ಕಡಿಮೆಯಾಗುತ್ತದೆ. ಮೂಲ ತಿಳಿಯದ ನಗರದ ಕಸದ ಗೊಬ್ಬರವನ್ನು ಪರೀಕ್ಷಿಸದೆ ಹೊಲಕ್ಕೆ ತರಬಾರದು. ಲೋಹ ಹೀರಲೆಂದು ಸಾಸಿವೆ ಬೆಳೆಸುವ ಕ್ರಮವೂ ಉಂಟು; ಆ ಸಾಸಿವೆ ಮನುಷ್ಯರಿಗೂ ದನಕರುಗಳಿಗೂ ವರ್ಜ್ಯ.

ಇದನ್ನೋದಿ ಯಾರೂ ಕಾಳು ತಿನ್ನುವುದನ್ನು ಬಿಡಬೇಕಾಗಿಲ್ಲ. ಹೆಸರುಕಾಳು ನನಗಿಂದೂ ಪಥ್ಯಗಳಲ್ಲಿ ಮೊದಲನೆಯದೇ. ಒಂದೇ ಮೂಲವನ್ನು ನೆಚ್ಚದೆ ಬೇರೆ ಬೇರೆ ಕಾಳುಗಳನ್ನು ಬಳಸೋಣ, ರಕ್ತಹೀನತೆಯಿದ್ದರೆ ತಪ್ಪದೆ ಚಿಕಿತ್ಸೆ ಪಡೆಯೋಣ. ಕೊಳ್ಳುವಾಗ ‘ಇದು ಎಲ್ಲಿ ಬೆಳೆದದ್ದು?’ ಎಂದು ಒಂದು ಮಾತು ಕೇಳೋಣ. ನಾನಂತೂ ಈಗ ಪಥ್ಯದ ಚೀಟಿ ಬರೆಯುವ ಮೊದಲು ಆ ಪ್ರಶ್ನೆಯನ್ನು ಕೇಳುತ್ತಿದ್ದೇನೆ.