ಸೆಟ್‌ಗೆ ಹಾಕಿದ್ರೆ ಮುಗೀತಾ?

ಡೂಪ್ಲಿಕೇಟ್ ತೆಗೀಬೇಕಾ? ಸೆಟ್‌ಗೆ ಹಾಕು. ಪೈಥಾನ್ ಲ್ಯಾಬ್‌ನಲ್ಲಿ ನಾವೆಲ್ಲ ಬೇಗ ಕಲಿತ ಶಾರ್ಟ್‌ಕಟ್ ಇದು. ವೈವಾದಲ್ಲಿ ಹೇಳಿದ್ರೆ ಮಾರ್ಕ್ಸೂ ಬರುತ್ತೆ. ಲಿಸ್ಟ್‌ನಲ್ಲಾದ್ರೆ ಪ್ರತಿ ಹೆಸರಿಗೂ ಮೊದಲಿಂದ ಹುಡುಕಬೇಕು. ಸೆಟ್ ಹ್ಯಾಶ್ ಲೆಕ್ಕ ಹಾಕಿ ಸಾಮಾನ್ಯವಾಗಿ ನೇರ ಜಾಗಕ್ಕೇ ಹೋಗುತ್ತೆ. ಅದರ ಬಗ್ಗೆ ನಮ್ಮ ತಕರಾರಿಲ್ಲ, ತಕರಾರು ನಮ್ಮ ಮೇಲೇ.

ಈ ಸಲ ರಾಜ್ಯೋತ್ಸವಕ್ಕೆ ಗೂಗಲ್ ಫಾರ್ಮ್‌ನಲ್ಲಿ ನೋಂದಣಿ ಇತ್ತು. ಕೆಲವರು ಎರಡೆರಡು ಸಲ ಸಬ್ಮಿಟ್ ಒತ್ತಿದ್ರು. ನಾವು ಹೆಸರಿನ ಕಾಲಂ ಒಂದನ್ನೇ ಸೆಟ್‌ಗೆ ಹಾಕಿ, ಬಂದ ಪಟ್ಟಿಯಿಂದ ಊಟದ ಕೂಪನ್ ಪ್ರಿಂಟ್ ಮಾಡಿಸಿದ್ವಿ. ಒಂದೇ ಹೆಸರು, ಒಂದೇ ಇನಿಷಿಯಲ್‌ನ ಇಬ್ಬರು ಇದ್ದಾರೆ ಅಂತ ಗೊತ್ತಾಗಿದ್ದು ಊಟದ ಸಾಲಿನಲ್ಲಿ. ಎರಡನೆಯವಳು ಫಸ್ಟ್ ಇಯರ್. "ನಿನ್ನ ಕೂಪನ್ ಆಗ್ಲೇ ತಗೊಂಡಿದ್ದೀಯಲ್ಲ?" ಅಂತ ಎಲ್ಲರೆದುರು ಕೇಳಿಬಿಟ್ವಿ. ಕಂಪ್ಯೂಟರ್ ಕೊಟ್ಟ ಪಟ್ಟಿ, ತಪ್ಪಿರಲ್ಲ ಅನ್ನೋ ಧೈರ್ಯ ನಮಗೆ! ಫಸ್ಟ್ ಇಯರ್‌ನವರಿಗೆ ಯುಎಸ್‌ಎನ್ ಇನ್ನೂ ಬಂದಿರಲಿಲ್ಲ, ನಿಜ. ಆದ್ರೆ ಫೋನ್ ನಂಬರಿನ ಕಾಲಂ ಪಕ್ಕದಲ್ಲೇ ಇತ್ತಲ್ಲ. ಅವಳಿಗೆ ಕೊನೇ ಪಂಕ್ತಿಯಲ್ಲಿ ಊಟ ಸಿಕ್ತು, ಅಷ್ಟೊತ್ತಿಗೆ ಹೋಳಿಗೆ ಖಾಲಿ.

ಅದೇ ಫಾರ್ಮ್‌ನ ಊರಿನ ಕಾಲಂನಲ್ಲಿ ಉಲ್ಟಾ ಕಥೆ. ಸೆಟ್‌ಗೆ ಹಾಕಿದ ಮೇಲೂ 'ಕೋಲಾರ' ಎರಡು ಸಲ ಉಳಿದಿತ್ತು. ಸ್ಪೇಸ್ ಇರಬಹುದು ಅಂತ ಸ್ಟ್ರಿಪ್ ಮಾಡಿದ್ರೂ ಹೋಗಲಿಲ್ಲ. ಲೆನ್ ಹಾಕಿ ನೋಡಿದ್ರೆ ಒಂದಕ್ಕೆ 5, ಇನ್ನೊಂದಕ್ಕೆ 7! ಯುನಿಕೋಡ್‌ನಲ್ಲಿ 'ಕೋ' ಅಕ್ಷರದ ಓ ಸ್ವರಚಿಹ್ನೆಯನ್ನ ಒಂದೇ ಕೋಡ್‌ನಲ್ಲೂ ಬರೀಬಹುದು, ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು ಅಂತ ಮೂರು ತುಂಡು ಮಾಡಿಯೂ ಬರೀಬಹುದು. ಕಣ್ಣಿಗೆ ಎರಡೂ ಒಂದೇ, ಸೆಟ್‌ಗೆ ಬೇರೆ ಬೇರೆ. ಯುನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಜ್‌ಗೆ ಎನ್‌ಎಫ್‌ಸಿ ಅಂತ ಕೊಟ್ಟು, ಆಮೇಲೆ ಸೆಟ್‌ಗೆ ಹಾಕಿದಾಗ ಕೋಲಾರ ಒಂದೇ ಆಯ್ತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಕನ್ನಡ ಅಕ್ಷರದ ಒಳಗೆ ಇಷ್ಟೆಲ್ಲ ಇದೆ ಅಂತ ಗೊತ್ತಾಗಿದ್ದು ಒಂದು ಬಗ್‌ನಿಂದ, ನಾಚಿಕೆಯ ವಿಷಯವೇ.

ಎರಡು ಕಡೆಯೂ ಸೆಟ್ ಹೇಳಿದ್ದನ್ನೇ ಮಾಡಿದೆ. ಯಾವುದನ್ನ 'ಒಂದೇ' ಅನ್ನಬೇಕು ಅಂತ ಅದಕ್ಕೆ ನಾವು ಹೇಳಿರಲೇ ಇಲ್ಲ. ಲ್ಯಾಬ್‌ನಲ್ಲೂ ಯಾರೂ ಅದನ್ನ ಕೇಳಲ್ಲ. ಕೊಡೋ ಲಿಸ್ಟ್ ಯಾವಾಗಲೂ 1, 2, 2, 3. ಅದರ ಬದಲು ನಮ್ಮದೇ ಕ್ಲಾಸಿನವರ ಹೆಸರು, ಊರುಗಳನ್ನ, ಅವರವರು ಟೈಪ್ ಮಾಡಿದ ಹಾಗೇ ಕನ್ನಡದಲ್ಲಿ ಕೊಡಲಿ. ಔಟ್‌ಪುಟ್ ಬರೋಕೆ ಮುಂಚೆ ಅರ್ಧ ಗಂಟೆ ಜಗಳ ಆಗುತ್ತೆ, ಆಗಲಿ ಬಿಡಿ.